ಮೇಲಿನ ಸಾಲಿನ ಭರಣಿಗಳು

ಉಣಕಲ್, ಹುಬ್ಬಳ್ಳಿ
೧೧ ಸೆಪ್ಟೆಂಬರ್ ೨೦೨೫

ಪ್ರೀತಿಯ ಬಾಳಕ್ಕಾ,

ತಮ್ಮ ಗುರುಬಸವನ ಶರಣು. ಮೊಣಕಾಲು ಹೇಗಿದೆ? ನನ್ನಾಕೆ ಜಯಮಾಲಾ ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತೀಯೋ, ಬಾಟಲಿ ನೋಡಿಯೇ ಗುಣವಾಗಲಿ ಎಂದು ಕೂತಿದ್ದೀಯೋ? ಫೋನಿನಲ್ಲಿ ಕೇಳಿದರೆ ‘ಆರಾಮ ಅದೀನಿ, ಇಡ್ತೀನಿ’ ಎಂದು ಇಟ್ಟೇಬಿಡುತ್ತೀ. ಅದಕ್ಕೇ ಪತ್ರ. ಪತ್ರವನ್ನು ನಡುವೆ ಕತ್ತರಿಸುವ ಗುಂಡಿ ಇಲ್ಲ. ನಾವಿಲ್ಲಿ ಕ್ಷೇಮ. ನನ್ನ ಬಿ.ಪಿ. ಮಾತ್ರ ಏರಿದೆ. ಡಾಕ್ಟರು ಉಪ್ಪು ಬಿಡಿ ಎನ್ನುತ್ತಾರೆ. ಸರಕಾರವನ್ನು ಬಿಡಲು ಔಷಧ ಇದೆಯೇ ಎಂದು ಕೇಳಿ ಬಂದಿದ್ದೇನೆ.

ಅಂಗಡಿಯ ಸುದ್ದಿ ಬಂತೆಂದರೆ ನೀನು ಹಾಳೆ ತಿರುವುತ್ತೀ ಎಂದು ಗೊತ್ತು. ನಿನ್ನ ಗಂಡನನ್ನು, ನಮ್ಮ ಮಾಮಾನನ್ನು, ಮಣ್ಣು ಮಾಡಿ ಬಂದ ದಿನ ನಿಪ್ಪಾಣಿಯ ಪಡಸಾಲೆಯಲ್ಲಿ ಎಲ್ಲರೆದುರು ನೀನು ಅಂದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ: ‘ನನ್ನ ಗಂಡನ ಬಾಯಿ ತಿಂದದ್ದು ನಿನ್ನ ತಂಬಾಕ. ಆ ಅಂಗಡಿ ಬಾಗಲಾ ಬೀಳೂತನಕಾ ನಾ ಹುಬ್ಬಳ್ಳಿ ನೀರ ಕುಡ್ಯಂಗಿಲ್ಲ.’ ಅಂದಿನಿಂದ ನೀನು ತವರಿಗೆ ಕಾಲಿಟ್ಟಿಲ್ಲ. ಮಾನವಮಿ ಅಮಾವಾಸ್ಯೆಗೆ ಅಪ್ಪ ಅವ್ವನಿಗೆ ಎಡೆ ಇಡುವಾಗಲೂ ಇಲ್ಲ. ಸುತ್ತ ತಂಬಾಕಿನ ವಖಾರಿಗಳಿರುವ ಊರಿನಲ್ಲಿ ಉಸಿರಾಡುತ್ತೀ, ಸಿಟ್ಟು ಮಾತ್ರ ತಮ್ಮನ ಗೇಣಗಲ ಅಂಗಡಿಯ ಮೇಲೆ! ಇರಲಿ, ಓದು. ಈ ಸಲ ನಿನ್ನ ಪರವಾಗಿ ಸರಕಾರವೇ ಬಂದಿದೆ.

ಹೋದ ತಿಂಗಳು ತಂಬಾಕು ಕಾಯ್ದೆಯ ತಪಾಸಣೆಗೆಂದು ಒಬ್ಬ ಅಧಿಕಾರಿ ಬಂದ. ಚಿಕ್ಕ ವಯಸ್ಸು, ಸಭ್ಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಬೈಯುವುದಕ್ಕೂ ಆಸ್ಪದ ಕೊಡಲಿಲ್ಲ. ಒಬ್ಬೊಬ್ಬ ಗಿರಾಕಿಯ ಹೆಸರು ಬರೆದಿಟ್ಟ ಪೈಪ್ ತಂಬಾಕಿನ ಭರಣಿಗಳನ್ನೆಲ್ಲ ನೋಡಿ, ‘ಕಾಕಾ, ನೀವು ಅಂಗಡಿಕಾರ ಅಲ್ರಿ. ಎಲಿ ಕಲಸ್ತೀರಿ ಅಂದಮ್ಯಾಲೆ ನಿಮ್ಮದು ಕಾರ್ಖಾನಿ’ ಎಂದ. ‘ಕಾರ್ಖಾನಿ? ಮಷಿನ್ ಎಲ್ಲೈತಪ್ಪಾ ತೋರಿಸು’ ಎಂದೆ. ನನ್ನ ಎರಡೂ ಕೈ ನೋಡಿ, ‘ಇವs ಮಷಿನ್ ಅಂತ ತಿಳ್ಕೊಳ್ರಿ’ ಎಂದು ನಕ್ಕ. ಬೇಕಾದರೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡಿಗೆ ಅರ್ಜಿ ಹಾಕಬಹುದಂತೆ. ಅರವತ್ತೆಂಟರ ವಯಸ್ಸಿನಲ್ಲಿ ನಾನು ಕೈಗಾರಿಕೋದ್ಯಮಿ! ಜಯಮಾಲಾ ಆ ದಿನದಿಂದ ಚಹಾ ಕೊಡುವಾಗ ‘ಬರ್ರಿ, ಕಾರ್ಖಾನಿ ಮಾಲಕರs’ ಎನ್ನುತ್ತಾಳೆ.

ನನಗೆ ಕಾಯ್ದೆಯ ಮೇಲೆ ಸಿಟ್ಟಿಲ್ಲ ಅಕ್ಕಾ. ತಂಬಾಕು ಕೊಲ್ಲುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಅಪ್ಪನೇ ಲಿಂಗ ಕಟ್ಟಿದ ಎದೆಗೆ ಹೊಗೆ ಸಲ್ಲದೆಂದು ಜೀವಮಾನದಲ್ಲಿ ಒಂದು ದಮ್ಮು ಎಳೆಯಲಿಲ್ಲ; ಬರೀ ಮೂಗಿನಿಂದ ಹದ ನೋಡಿ ರೈಲ್ವೆ ವರ್ಕ್‌ಶಾಪಿನ ಸಾಹೇಬರ ಪೈಪಿಗೆ ತಂಬಾಕು ಕಲಸಿದ. ನನ್ನ ಸಿಟ್ಟು ಕಾಯ್ದೆಯ ಕಣ್ಣಿನ ಮೇಲೆ. ನಮ್ಮ ಅಂಗಡಿಯ ಎದುರಿಗೇ ಪಾನ್ ಡಬ್ಬಿ ಅಂಗಡಿಗಳಿವೆ. ಗುಟಕಾಕ್ಕೆ ನಿಷೇಧ. ಸರಿ. ಅಡಿಕೆಯ ಪಾಕೀಟು ಬೇರೆ, ತಂಬಾಕಿನ ಪಾಕೀಟು ಬೇರೆ ಮಾಡಿ ತೋರಣದ ಹಾಗೆ ತೂಗುಹಾಕಿದ್ದಾರೆ. ಕಾಲೇಜು ಹುಡುಗರು ಎರಡನ್ನೂ ಕೊಂಡು, ಅಂಗೈಯಲ್ಲಿ ಸುರಿದು, ಕಲಸಿ ಬಾಯಿಗೆ ಎಸೆದುಕೊಳ್ಳುತ್ತಾರೆ. ಅವರ ಅಂಗೈ ಕಾರ್ಖಾನೆಯಲ್ಲ, ನನ್ನದು ಕಾರ್ಖಾನೆ. ಬ್ರಿಟಿಷರು ನಲವತ್ಮೂರರಲ್ಲಿ, ಮಹಾಯುದ್ಧದ ನಡುವೆ, ತಂಬಾಕಿನ ಮೇಲೆ ಸುಂಕ ಹಾಕಿದರು. ಆಗ ಇನ್ಸ್‌ಪೆಕ್ಟರು ಬಂದು ಎಲೆ ತೂಗಿಸಿ, ಚಹಾ ಕುಡಿದು, ಅಪ್ಪನ ಜೊತೆ ಜಗಳಾಡಿ ಹೋಗುತ್ತಿದ್ದನಂತೆ. ಕನಿಷ್ಠ ಅವನಿಗೆ ದೊಡ್ಡ ಮೂಟೆ ಯಾವುದು, ಸಣ್ಣ ಮೂಟೆ ಯಾವುದು ಎಂದು ಕಣ್ಣಿಗೆ ಕಾಣುತ್ತಿತ್ತು.

ಈಗ ನನ್ನ ಗಿರಾಕಿಗಳು ಯಾರು ಗೊತ್ತೇ? ಪೈಪು ಸೇದುವವರಲ್ಲಿ ಬದುಕಿ ಉಳಿದವರು ಒಂದು ಕೈಯ ಬೆರಳೆಣಿಕೆಗೂ ಸಾಲರು. ಉಳಿದವರೆಲ್ಲ ಮೇಲಿನ ಸಾಲಿನವರು. ನೀನು ಬರುವುದು ಬಿಟ್ಟ ಮೇಲೆ ಶುರುವಾದ ಸಾಲು ಅದು. ಗಿರಾಕಿ ತೀರಿಕೊಂಡರೆ ಅವನ ಹೆಸರಿನ ಭರಣಿಯನ್ನು ಮೇಲಿನ ಹಲಗೆಗೆ ಏರಿಸುತ್ತೇನೆ. ಮಾನವಮಿ ಅಮಾವಾಸ್ಯೆ ಬಂತೆಂದರೆ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಫೋರ್‌ಮನ್ ರಾಮಪ್ಪನ ಮೊಮ್ಮಗಳು ರಜನಿ, ಬ್ಯಾಂಕಿನಲ್ಲಿ ಇರುವವಳು, ಪ್ರತಿ ವರ್ಷ ಮೊದಲು ಹಾಜರು. ‘ಕಾಕಾ, ಅಜ್ಜನ ಎಡಿಗೆ ಒಂದ ಚಿಟಿಕಿ ಕೊಡ್ರಿ. ಒಂದ ವರ್ಷ ಬರೇ ಹೋಳಿಗಿ ಇಟ್ಟಿದ್ವಿ, ಕಾಗಿ ಮಾಳಗಿ ಮ್ಯಾಲೆ ಕುಂತು ಮಾರಿ ತಿರಿವಿತ್ತು!’ ಅವರಜ್ಜ ಬದುಕಿದ್ದಾಗ ಮನೆಯಲ್ಲಿ ಪೈಪು ಹಚ್ಚಿದರೆ ಇದೇ ಹುಡುಗಿ ಬೆಂಕಿಪೊಟ್ಟಣ ಅಡಗಿಸಿಡುತ್ತಿದ್ದಳು. ಆ ಚಿಟಿಕೆಯನ್ನು ಯಾರೂ ಸೇದುವುದಿಲ್ಲ. ಬಾಳೆಎಲೆಯ ಮೇಲೆ ಕಡಬು, ಬದನೆಕಾಯಿ ಪಲ್ಯದ ಪಕ್ಕದಲ್ಲಿ ಅದೂ ಕೂರುತ್ತದೆ, ಅಷ್ಟೆ.

ಇದನ್ನೂ ಆ ಅಧಿಕಾರಿಗೆ ಹೇಳಿದೆ. ಸತ್ತವರಿಗೆ ಕೊಡುವುದಕ್ಕೆ ವಿನಾಯಿತಿ ಉಂಟೇ ಎಂದು ಕೇಳಿದೆ. ಅವನು ನಿಜವಾಗಿಯೂ ಯೋಚಿಸಿದ, ಪಾಪ. ಮೊಬೈಲಿನಲ್ಲಿ ಕಾಯ್ದೆ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಸರಿಸಿದ. ಆಮೇಲೆ, ‘ಸತ್ತವರ ಬಗ್ಗೆ ಏನೂ ಬರದಿಲ್ರಿ ಕಾಕಾ. ಆದ್ರ ಪಾಕೀಟಿನ ಮ್ಯಾಲೆ ಚಿತ್ರ ಬೇಕs ಬೇಕು’ ಎಂದ. ಪೊಟ್ಟಣದ ನೂರಕ್ಕೆ ಎಂಬತ್ತೈದು ಭಾಗ ರೋಗದ ಚಿತ್ರ ಇರಬೇಕು. ಉಳಿದ ಮೂಲೆಯಲ್ಲಿ ರಾಮಪ್ಪ ತನ್ನ ಹೆಸರನ್ನು ಮುದುಡಿಕೊಂಡು ಕೂರಬೇಕು. ಸತ್ತವನಿಗೆ ಸಾಯುತ್ತೀ ಎಂದು ಎಚ್ಚರಿಕೆ ಕೊಡುವ ದೇಶ ಇದೊಂದೇ ಇರಬೇಕು!

ಆದರೂ ನಾನು ಹಟಮಾರಿ. ಚಿತ್ರ ಬೇಕೆ, ಹಾಕೋಣ ಎಂದುಕೊಂಡು ಮುದ್ರಣಾಲಯಕ್ಕೆ ಹೋದೆ. ಅವನು ‘ಐದ ಸಾವಿರಕ್ಕ ಕಡಿಮಿ ಮಷಿನ್ ಚಾಲೂ ಮಾಡಂಗಿಲ್ರಿ’ ಎಂದ. ಐದು ಸಾವಿರ ಪೊಟ್ಟಣ ಖರ್ಚಾಗಬೇಕಾದರೆ ಹುಬ್ಬಳ್ಳಿಯ ಸ್ಮಶಾನಗಳನ್ನೆಲ್ಲ ಗಿರಾಕಿ ಮಾಡಿಕೊಳ್ಳಬೇಕು. ಕೊನೆಗೆ ಮಾದರಿ ನೋಡಿ ಎಂದು ಒಂದು ಹಾಳೆ ಕೊಟ್ಟ. ಅಂಗಡಿಗೆ ತಂದು, ಹೇಗೆ ಕಾಣುತ್ತದೋ ನೋಡೋಣವೆಂದು ಮೇಲಿನ ಸಾಲಿನಿಂದ ಕೈಗೆ ಸಿಕ್ಕ ಭರಣಿ ಇಳಿಸಿದೆ. ಅದು ಮಾಮಾನದು. ನಿಪ್ಪಾಣಿಯಿಂದ ಎಲೆ ಆರಿಸಿ ಕಳಿಸುತ್ತಿದ್ದವನೂ ಅವನೇ, ಹಳೇ ಬೆಲ್ಲದ ನೀರು ಚಿಮುಕಿಸಿ ನಾನು ಕಲಸಿಕೊಟ್ಟಾಗ ‘ಗುರ್‍ಯಾ, ಬೆಲ್ಲಾ ಜಾಸ್ತಿ ಆತು, ನಾ ಏನ ಮದಿಮಗನೇನಲೇ’ ಎಂದು ನಗುತ್ತಿದ್ದವನೂ ಅವನೇ. ಅವನಿಗೆಂದು ಪ್ರತಿ ವರ್ಷ ಒಂದು ಹಿಡಿ ಕಲಸಿಟ್ಟಿದ್ದೇನೆ. ನೀನು ಕೇಳಿ ಕಳಿಸುವುದಿಲ್ಲ, ನಾನು ಕಳಿಸುವ ಧೈರ್ಯ ಮಾಡುವುದಿಲ್ಲ. ಅಂಟು ಹಚ್ಚಿದ ಹಾಳೆಯನ್ನು ಆ ಭರಣಿಗೆ ಹಿಡಿದು ನೋಡಿದೆ. ಬಾಯಿಯ ಚಿತ್ರ. ನನಗೆ ಹೊಸದಲ್ಲ ಅದು. ಆಸ್ಪತ್ರೆಯ ಮಂಚದ ಆ ಕಡೆ ನೀನು ಕೂತಿದ್ದೆ, ಈ ಕಡೆ ನಾನು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅಂಟು ಬೆರಳಿಗೇ ಒಣಗಿತು.

ಮತ್ತೆ ಸರಕಾರಕ್ಕೆ ಬರುತ್ತೇನೆ. ಅವರನ್ನು ಅಷ್ಟು ಸುಲಭವಾಗಿ ಬಿಡುವವನಲ್ಲ. ಪರವಾನಗಿ, ಚಿತ್ರ ಇಲ್ಲದಿದ್ದರೆ ಅಂಗಡಿ ಮುಚ್ಚಿ ಎಂಬ ಅವರ ನೋಟಿಸಿನ ಫೈಲು ಹಿಡಿದು ನಮ್ಮ ವಕೀಲ ವಿಶಾಲನ ಹತ್ತಿರ ಹೋದೆ. ಅದನ್ನು ಓದುತ್ತ ಅವನ ಕಣ್ಣುಗಳು ಹೊಳೆದವು. ‘ಧಾರವಾಡ ಹೈಕೋರ್ಟಿನ್ಯಾಗ ತಡೆಯಾಜ್ಞೆ ಸಿಗೂ ಕೇಸ್ ಐತ್ರಿ ಕಾಕಾ. ಆಮ್ಯಾಲೆ ಮೂರ್ನಾಕ ವರ್ಷ ಯಾರೂ ನಿಮ್ಮನ್ನ ಮುಟ್ಟಂಗಿಲ್ಲ’ ಎಂದ. ಜಯಮಾಲಾ ಮಾತ್ರ, ‘ಮೂರ್ನಾಕ ವರ್ಷ ಆದಮ್ಯಾಲೆ ನೀವs ಮ್ಯಾಲಿನ ಸಾಲಿನ್ಯಾಗ ಇರ್ತೀರಿ’ ಎಂದು ಒಳಗೆ ಹೋದಳು. ಅವಳ ಮಾತಿಗೆ ಮೇಲ್ಮನವಿ ಇಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಹತ್ತಬೇಡ. ಮಕ್ಕಳಿಗೆ ನನ್ನ ಆಶೀರ್ವಾದ, ನಿನಗೆ ನಮ್ಮಿಬ್ಬರ ಶರಣಾರ್ಥಿ.

ನಿನ್ನ ತಮ್ಮ,
ಗುರುಬಸವ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಇವತ್ತು ಮಧ್ಯಾಹ್ನ ವಿಶಾಲನ ಹತ್ತಿರ ಹೋಗಿ ಫೈಲು ವಾಪಸು ತಂದೆ. ಅಂಗಡಿಯ ಬಾಗಿಲು ಕಾಯಂ ಹಾಕಿದ್ದೇನೆ, ಬೀಗದ ಕೈ ಜಯಮಾಲಾ ಹತ್ತಿರ ಇದೆ. ರಜನಿಗೂ ಉಳಿದವರಿಗೂ ಅವರವರ ಹಿರಿಯರ ಭರಣಿಗಳನ್ನು ಹಾಗೇ ಕೊಟ್ಟುಬಿಟ್ಟೆ, ಮಾರಲಿಲ್ಲ. ಬಾಗಿಲು ಸರಕಾರ ಹಾಕಿಸಿತು ಎಂದು ನಿಪ್ಪಾಣಿಯಲ್ಲಿ ಯಾರಾದರೂ ಅಂದರೆ ಒಪ್ಪಬೇಡ. ಹೈಕೋರ್ಟಿನ ಬಾಗಿಲು ತೆರೆದೇ ಇತ್ತು. ಹಾಕಿದವನು ನಾನು. ಅಮಾವಾಸ್ಯೆ ಈ ಇಪ್ಪತ್ತೊಂದಕ್ಕೆ, ಭಾನುವಾರ. ಮಾಮಾನ ಭರಣಿ ಒಂದೇ ಮನೆಯಲ್ಲಿದೆ. ಎಡೆಗೆ ಇಡಬೇಕೋ ತಿಪ್ಪೆಗೆ ಸುರಿಯಬೇಕೋ ಹೇಳುವ ಅಧಿಕಾರ ಯಾವ ಇಲಾಖೆಗೂ ಇಲ್ಲ, ನನಗೂ ಇಲ್ಲ. ನೀನೇ ಬಂದು ಹೇಳು.