ಎರಡು, ಎಂಟು, ಒಂದು

ಅಪ್ಪಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಕಾಗದಕ್ಕೆ ಯಾಕೆ ಸಹಿ ಹಾಕಿದೆ?

ತಿಲಕ್ ನಗರದ ಮನೆಯಲ್ಲಿ ನೀನು ತಟ್ಟೆಯಲ್ಲಿ ಕಡಲೆಕಾಯಿ ಬೀಜ ಜೋಡಿಸಿದ್ದು ನೆನಪಿದೆ. ನಡುವೆ ಹುಣಸೆಬೀಜ, ಸುತ್ತ ಎರಡು, ಆಚೆ ಎಂಟು, ತೀರಾ ಹೊರಗೆ ಒಂದೇ ಒಂದು. "ಇದೇ ಸೋಡಿಯಂ ಕಣಮ್ಮಾ. ಹೊರಗಿನ ಈ ಒಂದು ಎಲೆಕ್ಟ್ರಾನ್ ಯಾರಿಗಾದ್ರೂ ಕೊಟ್ಬಿಟ್ರೆ ಅದಕ್ಕೆ ನೆಮ್ಮದಿ. ನೀರು ಸಿಕ್ರೆ ಸಾಕು, ಕೊಟ್ಟೇಬಿಡುತ್ತೆ. ಕೊಡೋ ರಭಸಕ್ಕೆ ಬೆಂಕಿ!" ಮತ್ತೆ ಸೀಮೆಎಣ್ಣೆಯಲ್ಲಿ ಯಾಕೆ ಇಡುತ್ತಾರೆ ಎಂದು ಕೇಳಿದ್ದಕ್ಕೆ, "ಸೀಮೆಎಣ್ಣೆ ಅದನ್ನ ಇಸ್ಕೊಳ್ಳಲ್ಲ" ಎಂದೆ. ಜಯನಗರದ ಕಾಲೇಜಿನಲ್ಲಿ ನೀನು ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಇಷ್ಟನ್ನೂ ಕಲಿತದ್ದು ಕ್ಲಾಸಿನ ಬಾಗಿಲ ಹೊರಗೆ ನಿಂತು.

ಇನ್ಸ್‌ಪೆಕ್ಷನ್ನಿನ ಹಿಂದಿನ ದಿನ ಆಫೀಸ್ ಸೂಪರಿಂಟೆಂಡೆಂಟ್ ಮೂಗು ಮುಚ್ಚಿಕೊಂಡು ಲ್ಯಾಬಿಗೆ ಬಂದದ್ದನ್ನು ನೀನು ಅಮ್ಮನಿಗೆ ಹೇಳುವಾಗ ಕೇಳಿಸಿಕೊಂಡಿದ್ದೆ. "ಏನ್ರೀ ಇದು, ರೇಷನ್ ಅಂಗಡಿ ವಾಸ್ನೆ! ಬಾಟ್ಲಿ ತೊಳ್ದಿಡ್ರೀ."

"ಬೇಡ ಸಾರ್, ನೀರು ತಾಗಬಾರ್ದು."

"ನಂಗೇ ಪಾಠ ಹೇಳ್ಕೊಡ್ತೀರಾ?"

ನೀನು ಊಟಕ್ಕೆ ಹೋದಾಗ ಆತ ಸೀಮೆಎಣ್ಣೆ ಚೆಲ್ಲಿ, ಸೋಡಿಯಂ ಬಾಟಲಿಯನ್ನು ಸಿಂಕಿನಲ್ಲಿಟ್ಟು, ನಲ್ಲಿ ತಿರುಗಿಸಿ ಹೊರಗೆ ನಡೆದ. ಸಿಂಕ್ ಒಡೆಯಿತು, ಕಿಟಕಿಯ ಗಾಜು ಪುಡಿಯಾಯಿತು. ಯಾರಿಗೂ ಏನೂ ಆಗಲಿಲ್ಲ, ನಿನ್ನೊಬ್ಬನನ್ನು ಬಿಟ್ಟು. "ಅಟೆಂಡರನ ಅಜ್ಞಾನದಿಂದ ಆದ ಅನಾಹುತ" ಎಂದು ಬರೆದ ಹಾಳೆಯನ್ನು ನಿನ್ನ ಮುಂದಿಟ್ಟರು. ಅಜ್ಞಾನ! ಓದಿದ ಮೇಷ್ಟರುಗಳೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರಲ್ಲ, ಅವರನ್ನು ಏನೆಂದು ಕರೆಯೋಣ?

"ಕೆಲ್ಸ ಉಳೀತಲ್ಲ, ಹೋಗ್ಲಿ ಬಿಡು" ಎಂದೆ ನೀನು. ಹೋಗಲಿಲ್ಲ ಅಪ್ಪ. ಆಮೇಲೆ ನೀನು ಬೀಜ ಜೋಡಿಸಲೇ ಇಲ್ಲ. ಏನು ಕೇಳಿದರೂ "ನಂಗೇನ್ ಗೊತ್ತಮ್ಮಾ" ಎನ್ನುತ್ತಿದ್ದೆ. ಅವರು ಬರೆದದ್ದನ್ನು ನೀನೇ ನಂಬಿಬಿಟ್ಟೆಯಲ್ಲ, ಅದನ್ನು ಮಾತ್ರ ನಾನು...

ಈಗ ಸುದ್ದಿ ಕೇಳು. ಈ ಜೂನಿನಿಂದ ಅದೇ ಲ್ಯಾಬಿನ ಉಸ್ತುವಾರಿ ನನ್ನದು. ಮೊದಲ ದಿನವೇ ನಿನ್ನ ಫೈಲು ತರಿಸಿದೆ. "ತೀರ್ಕೊಂಡೋರ ಫೈಲು ಈಗ್ಯಾಕ್ ಮೇಡಂ?" ಎಂದರು ಗುಮಾಸ್ತರು. ಆ ಹಾಳೆ ಹರಿದುಹಾಕಬೇಕು ಎನಿಸಿತು. ಅದರಲ್ಲಿ ನಿನ್ನ ಸಹಿ ಕಂಡು ಕೈ ಬರಲಿಲ್ಲ. ಅದರ ಪಕ್ಕ ಇನ್ನೊಂದು ಹಾಳೆ ಸೇರಿಸಿದೆ. ನಡುವೆ ಒಂದು ದಪ್ಪ ಚುಕ್ಕೆ, ಸುತ್ತ ಎರಡು, ಎಂಟು, ಒಂದು. ಕೆಳಗೆ ಹೀಗೆ ಬರೆದೆ: "ಇದು ಅಟೆಂಡರಿಗೆ ಗೊತ್ತಿತ್ತು. ಆಫೀಸಿಗೆ ಗೊತ್ತಿರಲಿಲ್ಲ."

ಪೂರ್ತಿ ಹೆಸರಿನಲ್ಲಿ ಸಹಿ ಹಾಕಿದೆ. ಮೊದಲು ನಿನ್ನ ಹೆಸರು, ಆಮೇಲೆ ನನ್ನದು.

ನಿನ್ನ ಮಗಳು