ಮುಚ್ಚಳದೊಳಗೆ ನೀಲಕ್ಕ

೧೧ ನವೆಂಬರ್ ೨೦೨೪, ಸೋಮವಾರ. ಸವಣೂರು.

ನೀಲಕ್ಕನ ನೆನಪು ಇವತ್ತು ಬಿಡುತ್ತಲೇ ಇಲ್ಲ. ಹುಲಗೂರಿನ ಅಜ್ಜರೊಬ್ಬರು ಅಂಗಡಿಗೆ ತಂದ ಹಳೆಯ ಕೈಗಡಿಯಾರದ ಹಿಂಬದಿಯ ಮುಚ್ಚಳ ತೆಗೆದೆ. ಒಳಗೆ ಸೂಜಿಯಿಂದ ಗೀರಿದ ‘ನೀ’ ಕಂಡಿತು. ತಾನು ರಿಪೇರಿ ಮಾಡಿದ ಗಡಿಯಾರಗಳಿಗೆಲ್ಲ ಅಕ್ಕ ಹಾಕುತ್ತಿದ್ದ ಗುರುತು ಅದು. ನನಗೂ ಈ ಕೆಲಸ ಕಲಿಸಿದವಳು ಅವಳೇ. ಮದುವೆಯಾಗಿ ವಿಜಯಪುರಕ್ಕೆ ಹೋದ ಮೇಲೆ ಅವಳು ರಿಪೇರಿಯ ಚಿಮಟ ಮುಟ್ಟಿಲ್ಲ. ಅವಳ ಅತ್ತೆಗೆ ಅದು ಸೇರುವುದಿಲ್ಲ.

ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

“ನಡಿಯಾಕತ್ತೈತೇನ?” ಎಂದಳು.

“ಈಗ ಶುರು ಆತು, ಅಕ್ಕಾ.”

“ಫೋನ್ ಅದರ ಹತ್ರ ಹಿಡಿ.”

ಹಿಡಿದೆ. ಅವಳು ಅದರ ಟಿಕ್ ಟಿಕ್ ಕೇಳುತ್ತಿದ್ದಳು. ಆ ಕಡೆ ಅತ್ತೆ ಕೂಗಿದ್ದು ಕೇಳಿಸಿತು.

“ಬಂದೆನ್ರೀ” ಎಂದಳು. ಆದರೆ ಫೋನ್ ಇಡಲಿಲ್ಲ.

“ಇನ್ನೊಂದೀಟು ಹಿಡಿಯವ್ವಾ” ಎಂದು ಪಿಸುಗುಟ್ಟಿದಳು.

ಕೈ ಸೋತರೂ ಹಿಡಿದೇ ಇದ್ದೆ.