ಎರಡು ಎಡ ತೋಳು

ಮಾರ್ಚ್ ೧೧, ಮಂಗಳವಾರ

ಮೂವತ್ತು ವರ್ಷ ಕತ್ತರಿ ಹಿಡಿದವಳು ಇವತ್ತು ಒಂದೇ ಕೋಟಿಗೆ ಎರಡೂ ಎಡ ತೋಳುಗಳನ್ನೇ ಕತ್ತರಿಸಿಟ್ಟೆ. ಹೊಲಿಗೆಯವಳು ಎರಡನ್ನೂ ಎತ್ತಿ ಹಿಡಿದು, "ಅಕ್ಕಾ, ಈ ಗಿರಾಕಿಗೆ ಬಲಗೈ ಇಲ್ವಾ?" ಎಂದಳು. ನಗು ಬರಲಿಲ್ಲ. ಬೆನ್ನೆಲ್ಲ ಬೆವರು, ತಲೆಯೊಳಗೆ ಹತ್ತಿ ತುರುಕಿದ ಹಾಗೆ. ಮುಟ್ಟು ನಿಂತ ಈ ಎರಡು ವರ್ಷವೂ ಇದೇ ಪಾಡು. ಊಟದ ಬಿಡುವಿನಲ್ಲಿ ಸೀದಾ ಡಾಕ್ಟರಮ್ಮನ ಹತ್ತಿರ ಹೋದೆ.

ಆಕೆ ಏನನ್ನೂ ಮುಚ್ಚಿಡಲಿಲ್ಲ. ಹಾರ್ಮೋನ್ ತೆಗೆದುಕೊಂಡರೆ ಈ ಬಿಸಿ, ಬೆವರು, ನಿದ್ದೆಗೇಡು ತಗ್ಗಬಹುದು, ಮೂಳೆಗೂ ಒಳ್ಳೆಯದು. ಸ್ತನ ಕ್ಯಾನ್ಸರಿನ, ರಕ್ತ ಹೆಪ್ಪುಗಟ್ಟುವ ಅಪಾಯ ಚೂರು ಹೆಚ್ಚಬಹುದು. "ನಿಮ್ಮ ಮಟ್ಟಿಗೆ ಲಾಭಾನೇ ಜಾಸ್ತಿ ಅನ್ಸುತ್ತೆ. ಮೊದ್ಲು ಮ್ಯಾಮೋಗ್ರಾಮ್ ಮಾಡ್ಸಿ, ಆಮೇಲೆ ನೀವೇ ತೀರ್ಮಾನ ಮಾಡಿ" ಎಂದರು.

ನಾನೇ ತೀರ್ಮಾನ ಮಾಡಬೇಕಂತೆ. ನನ್ನ ಕೈ ಕೆಟ್ಟಿಲ್ಲ, ತಲೆಯೂ ಕೆಟ್ಟಿಲ್ಲ, ಇದೆಲ್ಲ ಮುಟ್ಟು ನಿಂತದ್ದರ ಕಾಟ. ಸಂಜೆ ಖುಷಿಯಲ್ಲಿ ಬಸ್ಸಿನಿಂದ ಇಳಿಯುವುದನ್ನೇ ಮರೆತು ಎರಡು ಸ್ಟಾಪ್ ಮುಂದೆ ಹೋದೆ. ನಾಳೆ ಬೆಳಿಗ್ಗೆಯೇ ಮ್ಯಾಮೋಗ್ರಾಮ್.

ಮನೆಗೆ ಬಂದವಳೇ ನನ್ನ ಅಕ್ಕನಿಗೆ ಫೋನ್ ಮಾಡಿದೆ. "ನಾವೆಲ್ಲ ಸಹಿಸ್ಕೊಂಡಿಲ್ವೇನೆ?" ಎಂದು ಇಷ್ಟು ದಿನ ನನ್ನ ಬಾಯಿ ಮುಚ್ಚಿಸಿದವಳು ಅವಳೇ. ಜಗಳಕ್ಕೆ ಸೆರಗು ಕಟ್ಟಿಕೊಂಡೇ ಕೂತಿದ್ದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಆ ಡಾಕ್ಟ್ರು ಅರವತ್ತು ದಾಟಿದವ್ರನ್ನೂ ನೋಡ್ತಾರಾ?" ಎಂದಳು.

ಹಾಗಾದರೆ ಅವಳು ಅಷ್ಟು ವರ್ಷ, ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟು ಮಲಗುತ್ತಿದ್ದದ್ದು ಇದೇ ಬಿಸಿ ತಡೆಯಲಾರದೆ.